ಹಿಮನದಿಯ ಬಾಗಿಲಿಗೆ ಏಳು ದಿನ

ತಿಪಟೂರಿನ ನಿವೃತ್ತ ಪೋಸ್ಟ್ ಮಾಸ್ಟರೊಬ್ಬರು 2024ರ ಜುಲೈ 21ರ ಭಾನುವಾರ ಮಧ್ಯಾಹ್ನ ಅಮೆರಿಕದ ಸಿಯಾಟಲ್ ಬಂದರಿನಲ್ಲಿ ನಿಂತು ತಲೆ ಎತ್ತಿ ನೋಡಿದರು. ಎದುರಿಗಿದ್ದದ್ದು ಹಡಗೋ ಅಥವಾ ನೀರಿಗೆ ತಾಗಿಸಿ ಕಟ್ಟಿದ ಹತ್ತು ಅಂತಸ್ತಿನ ಹೋಟೆಲೋ ಎಂದು ಹೇಳುವುದು ಕಷ್ಟವಾಗಿತ್ತು. ಅದುವರೆಗೆ ಅವರು ಹತ್ತಿದ್ದ ದೊಡ್ಡ ನೀರಿನ ವಾಹನವೆಂದರೆ, ಸೇತುವೆಯಾಗುವ ಮೊದಲು ಸಿಗಂದೂರಿಗೆ ಹೋಗಲು ಶರಾವತಿ ಹಿನ್ನೀರು ದಾಟಿಸುತ್ತಿದ್ದ ಲಾಂಚು. ಜೊತೆಯಲ್ಲಿ ಹೆಂಡತಿ, ಸಿಯಾಟಲ್ ಬಳಿ ನೆಲೆಸಿರುವ ಮಗಳು, ಅಳಿಯ ಮತ್ತು ಎಂಟನೇ ತರಗತಿಯ ಮೊಮ್ಮಗಳು. ಕೈಯಲ್ಲಿ, ಈಗ ಮುಚ್ಚಿಹೋಗಿರುವ ತುಮಕೂರಿನ ಎಚ್‌ಎಂಟಿ ಕಾರ್ಖಾನೆಯ ಒಂದು ಹಳೆಯ ಕೀಲಿ ಗಡಿಯಾರ. ಮುಂದೆ ಈ ಗಡಿಯಾರದ ಪ್ರಸಂಗ ಬರುತ್ತದೆ.

ಹೋಗಬೇಕಾಗಿದ್ದದ್ದು ಅಲಾಸ್ಕಕ್ಕೆ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ನಮ್ಮ ಕಡೆಯ ತಂದೆತಾಯಂದಿರು ಈಗ ನಯಾಗರ, ನ್ಯೂಯಾರ್ಕುಗಳ ಜೊತೆಗೆ ಈ ಹಡಗಿನ ಪ್ರವಾಸವನ್ನೂ ಸೇರಿಸಿಕೊಳ್ಳುತ್ತಿದ್ದಾರೆ. ಕಾರಣ ಸರಳ. ವಯಸ್ಸಾದವರಿಗೆ ದಿನಕ್ಕೊಂದು ಹೋಟೆಲು ಬದಲಿಸುವ ಕಷ್ಟವಿಲ್ಲ. ಸೂಟ್‌ಕೇಸನ್ನು ಒಮ್ಮೆ ಬಿಚ್ಚಿದರಾಯಿತು, ಊರುಗಳೇ ಕಿಟಕಿಯ ಹತ್ತಿರ ಬರುತ್ತವೆ. ಮಂಡಿನೋವಿನ ತಾತನೂ ಎಂಟನೇ ತರಗತಿಯ ಹುಡುಗಿಯೂ ಒಂದೇ ಪ್ರವಾಸದಲ್ಲಿ ಬೇಸರವಿಲ್ಲದೆ ಇರಬಹುದಾದ ಜಾಗಗಳು ಹೆಚ್ಚಿಲ್ಲ.

ಆದರೆ ಜಾಹೀರಾತಿನಲ್ಲಿ ಕಾಣುವ ದರವೇ ಕೊನೆಯ ದರವೆಂದು ತಿಳಿದರೆ ಮೋಸ ಹೋದಂತೆಯೇ. ಕೋಣೆ, ಊಟ, ಸಂಜೆಯ ಹಾಡು ಕುಣಿತ ಅದರಲ್ಲಿ ಸೇರಿರುತ್ತವೆ. ಬಂದರಿನ ತೆರಿಗೆ, ಸಿಬ್ಬಂದಿಗೆಂದು ತಲೆಗೆ ಇಷ್ಟೆಂದು ದಿನವೂ ಲೆಕ್ಕ ಹಾಕುವ ಇನಾಮು, ಇಂಟರ್‌ನೆಟ್, ಬಾಟಲಿಯ ಪಾನೀಯ, ದಡಕ್ಕೆ ಇಳಿದ ಮೇಲಿನ ಬಸ್ಸು, ದೋಣಿ, ಹೆಲಿಕಾಪ್ಟರು ಇವೆಲ್ಲ ಸಾಮಾನ್ಯವಾಗಿ ಬೇರೆ. ಹಡಗಿನ ವೈದ್ಯರ ಬಿಲ್ಲು ಎಲ್ಲಕ್ಕಿಂತ ಬೇರೆ. ಭಾರತದಿಂದ ಹೋಗುವವರು ಮಾಡಿಸುವ ಪ್ರವಾಸ ವಿಮೆ ಸಮುದ್ರದ ಮೇಲಿನ ಚಿಕಿತ್ಸೆಗೂ ಅನ್ವಯಿಸುತ್ತದೆಯೇ ಎಂದು ಮೊದಲೇ ಓದಿ ನೋಡುವುದು ಒಳ್ಳೆಯದು. ಅಳಿಯ ಒಂದು ಕಡೆ ಜಾಣತನ ತೋರಿಸಿದ್ದ. ಬಾಲ್ಕನಿಯಿರುವ ದುಬಾರಿ ಕೋಣೆ ಬಿಟ್ಟು ಕಿಟಕಿಯೇ ಇಲ್ಲದ ಒಳಕೋಣೆಗಳನ್ನು ಹಿಡಿದಿದ್ದ. ಮೇಲಿನ ಅಟ್ಟ ಎಲ್ಲರಿಗೂ ಪುಕ್ಕಟೆ. ಅಲಾಸ್ಕದಲ್ಲಿ ನೋಡಬೇಕಾದದ್ದು ಒಂದೇ ದಿಕ್ಕಿನಲ್ಲಿರುವುದಿಲ್ಲ. ಬಾಲ್ಕನಿಯವರಿಗೆ ಕಾಣುವುದು ಹಡಗಿನ ಒಂದು ಪಕ್ಕ ಮಾತ್ರ.

ಹಣಕ್ಕಿಂತ ಹೆಚ್ಚು ತಲೆನೋವು ತಂದದ್ದು ಕೆನಡಾದ ವೀಸಾ. ಹೋಗುವುದು ಅಮೆರಿಕದಿಂದ ಅಮೆರಿಕಕ್ಕೇ, ನಡುವೆ ಕೆನಡಾ ಯಾಕೆ? ಇದರ ಹಿಂದೆ 1886ರ ಅಮೆರಿಕನ್ ಕಾನೂನೊಂದಿದೆ. ಹೊರದೇಶದಲ್ಲಿ ನೋಂದಾಯಿಸಿದ ಹಡಗು ಅಮೆರಿಕದ ಬಂದರುಗಳ ನಡುವೆಯೇ ಜನರನ್ನು ಸಾಗಿಸುವಂತಿಲ್ಲ, ದಾರಿಯಲ್ಲಿ ಒಂದು ಹೊರದೇಶದ ಬಂದರನ್ನಾದರೂ ಮುಟ್ಟಬೇಕು. ಇಂದಿನ ದೊಡ್ಡ ವಿಹಾರ ನೌಕೆಗಳೆಲ್ಲ ಬಹುತೇಕ ಬಹಾಮಾಸ್, ಪನಾಮದಂಥ ದೇಶಗಳ ಬಾವುಟ ಹಾರಿಸುವಂಥವು. ಹಾಗಾಗಿ ಸಿಯಾಟಲ್‌ನಿಂದ ಹೊರಟ ಹಡಗು ಹಿಂದಿರುಗುವಾಗ ಕೆನಡಾದ ವಿಕ್ಟೋರಿಯಾ ಊರಿನಲ್ಲಿ ನಾಲ್ಕು ಗಂಟೆ ನಿಂತು ಬರುತ್ತದೆ. ಕೋವಿಡ್ ಕಾಲದಲ್ಲಿ ಕೆನಡಾ ತನ್ನ ಬಂದರುಗಳನ್ನು ಮುಚ್ಚಿದಾಗ, 2021ರಲ್ಲಿ ಅಮೆರಿಕದ ಸಂಸತ್ತು ಇದಕ್ಕೆಂದೇ ತಾತ್ಕಾಲಿಕ ವಿನಾಯಿತಿ ಕೊಡಬೇಕಾಯಿತು. ಈ ನಾಲ್ಕು ಗಂಟೆಗಾಗಿ ಭಾರತದ ಪಾಸ್‌ಪೋರ್ಟಿನವರು ಕೆನಡಾದ ವೀಸಾ ಮಾಡಿಸಿಕೊಂಡಿರಬೇಕು. ಇಲ್ಲದಿದ್ದರೆ ಸಿಯಾಟಲ್‌ನಲ್ಲೇ ಹಡಗು ಹತ್ತಿಸಿಕೊಳ್ಳುವುದಿಲ್ಲ. ಟಿಕೆಟ್ ಕೊಳ್ಳುವ ಮೊದಲೇ ಈ ಅರ್ಜಿ ಹಾಕುವುದು ಕ್ಷೇಮ. ಇಲ್ಲಿ ತಡವಾಗಿ, ಪಾಸ್‌ಪೋರ್ಟು ಮನೆಗೆ ಬಂದದ್ದು ಹೊರಡಲು ಒಂಬತ್ತು ದಿನ ಇದ್ದಾಗ. ಅಷ್ಟು ದಿನ ಮಗಳು ನಿದ್ದೆ ಮಾಡಿರಲಿಲ್ಲ.

ಹಡಗು ಹತ್ತಿದ ಕೂಡಲೇ ಎಲ್ಲರೂ ಊಟದ ಅಟ್ಟಕ್ಕೆ ಓಡುತ್ತಾರೆ. ಅದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ. ಅಪಾಯದ ಕರೆ ಬಂದರೆ ಯಾವ ಅಟ್ಟದ ಯಾವ ಜಾಗದಲ್ಲಿ ಸೇರಬೇಕು, ಜೀವರಕ್ಷಕ ಜಾಕೀಟನ್ನು ಹೇಗೆ ಕಟ್ಟಿಕೊಳ್ಳಬೇಕು ಎಂಬ ತಾಲೀಮು. ಏಳು ಸಲ ಗಿಡ್ಡ ಕೂಗು, ಆಮೇಲೆ ಒಂದು ಉದ್ದ ಕೂಗು, ಇದು ಕರೆಯ ಗುರುತು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಸಮುದ್ರ ಸುರಕ್ಷತೆಯ ಅಂತಾರಾಷ್ಟ್ರೀಯ ಒಪ್ಪಂದವಾಯಿತು. 2012ರ ಜನವರಿಯಲ್ಲಿ ಇಟಲಿಯ ದಡದಲ್ಲಿ ಕೋಸ್ಟ ಕಾಂಕಾರ್ಡಿಯ ಬಂಡೆಗೆ ಬಡಿದು ಮಗುಚಿದಾಗ ಅದೇ ದಿನ ಹತ್ತಿದ್ದ ಹಲವರಿಗೆ ಇನ್ನೂ ತಾಲೀಮೇ ಆಗಿರಲಿಲ್ಲ. ಆಮೇಲೆ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ತಾಲೀಮು ಆಗಲೇಬೇಕೆಂದು ನಿಯಮ ಬಿಗಿಯಾಯಿತು. ಪೋಸ್ಟ್ ಮಾಸ್ಟರ್ ತಾತ ತಮ್ಮ ಜಾಗದ ಸಂಖ್ಯೆಯನ್ನು ಪುಟ್ಟ ನೋಟುಬುಕ್ಕಿನಲ್ಲಿ ಬರೆದುಕೊಂಡರು. ಮೊಮ್ಮಗಳು ನಕ್ಕಳು. ಅವಳ ಜಾಗ ಯಾವುದೆಂದು ಕೇಳಿದಾಗ ಅವಳಿಗೆ ನೆನಪಿರಲಿಲ್ಲ.

ಮೊದಲ ರಾತ್ರಿ

ಸಿಯಾಟಲ್‌ನಿಂದ ಹೊರಡುವ ಹಲವು ದೊಡ್ಡ ಹಡಗುಗಳು ದ್ವೀಪಗಳ ಮರೆಯ ಶಾಂತ ದಾರಿ ಬಿಟ್ಟು ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ಅಂದರೆ ತೆರೆದ ಪೆಸಿಫಿಕ್ ಸಾಗರಕ್ಕೆ ಹೋಗುತ್ತವೆ. ಅಲ್ಲಿ ವೇಗವಾಗಿ ಸಾಗಬಹುದು. ಅದೇ ರಾತ್ರಿ ಅಜ್ಜಿಗೆ ತಲೆ ಸುತ್ತಲು ಆರಂಭವಾಯಿತು. ಹಡಗಿನ ಹೊಟ್ಟೆಯ ಎರಡೂ ಬದಿಯಲ್ಲಿ ಮೀನಿನ ರೆಕ್ಕೆಯಂಥ ಸಾಧನಗಳಿದ್ದು ಓಲಾಟವನ್ನು ತಗ್ಗಿಸುತ್ತವೆ. ಪೂರ್ತಿ ನಿಲ್ಲಿಸಲಾರವು.

ಇದಕ್ಕೆ ಕಾರಣ ಹೊಟ್ಟೆಯಲ್ಲ, ಕಿವಿ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವರ್ತುಲ ನಾಳಗಳಿವೆ. ದೇಹ ಓಲಾಡಿದರೆ ದ್ರವ ಕದಲಿ ಮಿದುಳಿಗೆ ಸುದ್ದಿ ಹೋಗುತ್ತದೆ. ಆದರೆ ಕಿಟಕಿಯಿಲ್ಲದ ಕೋಣೆಯಲ್ಲಿ ಗೋಡೆ, ಮಂಚ, ದೀಪ ಎಲ್ಲ ದೇಹದ ಜೊತೆಗೇ ಓಲಾಡುವುದರಿಂದ ಕಣ್ಣು ‘ಏನೂ ಕದಲುತ್ತಿಲ್ಲ’ ಎನ್ನುತ್ತದೆ. ಕಿವಿಯ ಮಾತು ಒಂದು, ಕಣ್ಣಿನ ಮಾತು ಇನ್ನೊಂದು. ಮಿದುಳಿಗೆ ಗೊಂದಲವಾಗಿ ವಾಕರಿಕೆ ಬರುತ್ತದೆ. ಮಲಗಿ ಪುಸ್ತಕ ಓದುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಹೊರಗೆ ಬಂದು, ದೂರದ ದಿಗಂತವನ್ನು ನೋಡುತ್ತ ನಿಂತರೆ ಕಣ್ಣು ಕಿವಿ ಎರಡೂ ಒಪ್ಪಂದಕ್ಕೆ ಬರುತ್ತವೆ. ಓಲಾಟ ಕಡಿಮೆ ಇರುವುದು ಹಡಗಿನ ನಡುಭಾಗದ ಕೆಳ ಅಟ್ಟಗಳಲ್ಲಿ. ತಿರುಗುವ ತೊಟ್ಟಿಲಿನ ನಡುವಿನ ಅಚ್ಚು ಎಷ್ಟು ಕದಲುತ್ತದೆ, ತುದಿ ಎಷ್ಟು ಕದಲುತ್ತದೆ ಎಂದು ನೆನೆದರೆ ಇದು ತಿಳಿಯುತ್ತದೆ. ವೈದ್ಯರು ಹೇಳಿದ ಮಾತ್ರೆಯನ್ನು ತಲೆ ಸುತ್ತುವ ಮೊದಲೇ ನುಂಗಬೇಕು, ಸುತ್ತಿದ ಮೇಲೆ ನುಂಗಿದ್ದು ನಿಲ್ಲುವುದಿಲ್ಲ.

ಅಜ್ಜಿಗೆ ಈ ವಿಜ್ಞಾನಕ್ಕಿಂತ ಹೆಚ್ಚು ಸಹಾಯವಾದದ್ದು ಊಟದ ಮನೆಯಲ್ಲಿ ಬಡಿಸುತ್ತಿದ್ದ ಒಬ್ಬ ಮನುಷ್ಯ. ಬೆಳಿಗ್ಗೆ ಏನೂ ತಿನ್ನದೆ ಕೂತಿದ್ದ ಅವರ ಮುಂದೆ ಹಸಿರು ಸೇಬಿನ ಹೋಳು, ಉಪ್ಪು ಬಿಸ್ಕತ್ತು, ಶುಂಠಿಯ ಬಿಸಿನೀರು ತಂದಿಟ್ಟು ಅವನು ಕನ್ನಡದಲ್ಲಿ ಕೇಳಿದ: “ಅಮ್ಮ, ತಲೆ ತಿರುಗ್ತಾ ಉಂಟಾ? ಇದು ತಿನ್ನಿ, ಸರಿ ಆಗ್ತದೆ.” ಮೂಲ್ಕಿ ಕಡೆಯವನು. ಈ ಹಡಗುಗಳ ಅಡುಗೆಮನೆ, ಊಟದ ಮನೆಗಳಲ್ಲಿ ಗೋವಾ, ಮುಂಬಯಿ, ಕೇರಳ, ದಕ್ಷಿಣ ಕನ್ನಡದವರು ಸಿಗುವುದು ಅಪರೂಪವಲ್ಲ. ಎಂಟು ತಿಂಗಳ ಕರಾರು, ವಾರದ ರಜೆಯಿಲ್ಲ. ಅವನ ಮಗಳು ಎಸ್ಸೆಸ್ಸೆಲ್ಸಿ. ಪರೀಕ್ಷೆ ಬರೆದಾಗ ಅವನು ಸಮುದ್ರದಲ್ಲಿದ್ದ, ಫಲಿತಾಂಶ ಬಂದಾಗಲೂ ಸಮುದ್ರದಲ್ಲೇ. ಆವತ್ತಿನಿಂದ ಅಜ್ಜಿ ಹಡಗಿನ ದೊಡ್ಡ ದೊಡ್ಡ ಹೋಟೆಲುಗಳನ್ನೆಲ್ಲ ಬಿಟ್ಟು ಅವನು ಬಡಿಸುವ ಮೇಜಿಗೇ ಹೋಗಿ ಕೂರತೊಡಗಿದರು.

ಸಸ್ಯಾಹಾರಿಗಳಿಗೆ ಇಲ್ಲಿ ಒಂದು ಸೂಚನೆ. ಟಿಕೆಟ್ ಮಾಡುವಾಗಲೇ ‘ಭಾರತೀಯ ಸಸ್ಯಾಹಾರ’ ಎಂದು ಬರೆಸಿ, ಹತ್ತಿದ ದಿನ ಊಟದ ಮನೆಯ ಮೇಲ್ವಿಚಾರಕರಿಗೆ ಮತ್ತೊಮ್ಮೆ ಹೇಳಿದರೆ, ಮರುದಿನದಿಂದ ಅನ್ನ, ಬೇಳೆ, ಒಂದು ಪಲ್ಯ ಸಿಗುತ್ತದೆ. ಬರಿ ‘ಸಸ್ಯಾಹಾರ’ ಎಂದರೆ ಏಳು ದಿನವೂ ಬೇಯಿಸಿದ ಕೋಸು, ಪಾಸ್ತಾ ತಿನ್ನಬೇಕಾದೀತು. ಮನೆಯಲ್ಲಿ ಮಾಡಿದ ತಿಂಡಿಯನ್ನು ಬಹುತೇಕ ಹಡಗುಗಳು ಒಳಗೆ ಬಿಡುವುದಿಲ್ಲ. ಅಂಗಡಿಯ ಮೊಹರಾದ ಚಟ್ನಿಪುಡಿ ಪೊಟ್ಟಣಕ್ಕೆ ಯಾರೂ ತಕರಾರು ಮಾಡಲಿಲ್ಲ. ಇನ್ನು ಸ್ವತಃ ಬಡಿಸಿಕೊಳ್ಳುವ ಸಾಲಿನಲ್ಲಿ ನಿಲ್ಲುವ ಮೊದಲು ಕೈಗೆ ಸೋಪು ಹಾಕಿ ತೊಳೆಯಬೇಕು. ಬಾಗಿಲಲ್ಲಿ ಇಟ್ಟಿರುವ ಆಲ್ಕೋಹಾಲ್ ದ್ರವ ಹಚ್ಚಿಕೊಂಡರೆ ಸಾಲದು. ಹಡಗಿನಲ್ಲಿ ವಾಂತಿ ಭೇದಿ ಹಬ್ಬಿಸುವ ನೊರೊವೈರಸ್ ಆ ದ್ರವಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

ಮಂಗಳವಾರ ಜೂನೊ. ಅಲಾಸ್ಕದ ರಾಜಧಾನಿಯಾದರೂ ಹೊರಗಿನಿಂದ ಈ ಊರಿಗೆ ರಸ್ತೆಯಿಲ್ಲ, ಹಡಗಿನಲ್ಲಿ ಅಥವಾ ವಿಮಾನದಲ್ಲೇ ಬರಬೇಕು. ಮಧ್ಯಾಹ್ನ ಇಳಿಯುವಾಗ ಬಹುತೇಕ ಸಮತಟ್ಟಾಗಿದ್ದ ಹಡಗಿನ ಏಣಿಹಾಸು ಸಂಜೆ ಹಿಂದಿರುಗುವ ಹೊತ್ತಿಗೆ ಕಡಿದಾಗಿ ಏರುತ್ತಿತ್ತು. ತಾತನ ಮಂಡಿ ಅದನ್ನು ಮೊದಲು ಗಮನಿಸಿತು. ಉಬ್ಬರವಿಳಿತದ ವ್ಯತ್ಯಾಸ ಇಲ್ಲಿ ಸರಾಸರಿ 4ರಿಂದ 5 ಮೀಟರು. ಮಂಗಳೂರಿನ ಕಡಲಲ್ಲಿ ಇದು ಒಂದೂವರೆ ಮೀಟರಿನ ಆಸುಪಾಸು.

ಊರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ಮೆಂಡೆನ್‌ಹಾಲ್ ಹಿಮನದಿ. 1962ರಲ್ಲಿ ಅಲ್ಲಿ ಪ್ರವಾಸಿಗಳಿಗೆಂದು ಕಟ್ಟಡ ಕಟ್ಟಿದಾಗ ಅದರ ದೊಡ್ಡ ಗಾಜುಗಳ ತುಂಬ ಹಿಮವೇ ಕಾಣುತ್ತಿತ್ತು. ಈಗ ಅದೇ ಗಾಜಿನಿಂದ ಕಾಣುವುದು ಒಂದು ದೊಡ್ಡ ಸರೋವರ, ಅದರ ಆಚೆ ತುದಿಯಲ್ಲಿ ಹಿಮ. ಹಿಂದೆ ಸರಿದ ಹಿಮ ಬೇರೆ ಉಪದ್ರವವನ್ನೂ ತಂದಿದೆ. ಪಕ್ಕದ ಕಣಿವೆಯೊಂದರ ಹಿಮ ಕರಗಿ ಅಲ್ಲೊಂದು ಬಟ್ಟಲಿನಂಥ ತಗ್ಗು ಉಳಿಯಿತು. ಬೇಸಿಗೆಯಲ್ಲಿ ಅದರಲ್ಲಿ ನೀರು ತುಂಬುತ್ತದೆ, ಹಿಮನದಿಯೇ ಅದಕ್ಕೆ ಕಟ್ಟೆ. ಕಟ್ಟೆಯ ಅಡಿಯಲ್ಲಿ ದಾರಿ ಮಾಡಿಕೊಂಡು ನೀರು ಒಮ್ಮೆಲೇ ನುಗ್ಗುತ್ತದೆ. 2011ರಿಂದ ಹೀಗಾಗುತ್ತಿದೆ. ಈ ಕುಟುಂಬ ನೋಡಿಕೊಂಡು ಬಂದ ಎರಡೇ ವಾರಕ್ಕೆ, 2024ರ ಆಗಸ್ಟ್ 6ರಂದು, ಹೊಳೆ ಉಕ್ಕಿ ಜೂನೊದ ಸುಮಾರು 300 ಮನೆಗಳಿಗೆ ನೀರು ನುಗ್ಗಿತು. ಬಸ್ಸು ದಾಟಿ ಹೋಗಿದ್ದ ಬಡಾವಣೆಗಳೇ ಅವು.

ಜೂನೊ ಜನರಿಗೆ ಹಡಗುಗಳ ಬಗ್ಗೆ ಎರಡು ಮನಸ್ಸು. ಅಂಗಡಿಗಳು ನಡೆಯುವುದು ಪ್ರವಾಸಿಗಳಿಂದ. ಆದರೆ ಬೇಸಿಗೆಯಲ್ಲಿ ಊರಿನ ಬೀದಿ ಊರವರಿಗೆ ಉಳಿಯುವುದಿಲ್ಲ. 2024ರಿಂದ ದಿನಕ್ಕೆ ಐದಕ್ಕಿಂತ ಹೆಚ್ಚು ದೊಡ್ಡ ಹಡಗು ಬೇಡವೆಂದು ಊರು ಮತ್ತು ಹಡಗು ಕಂಪನಿಗಳು ಒಪ್ಪಂದ ಮಾಡಿಕೊಂಡಿವೆ. ಇನ್ನೊಂದು ವಿಷಯದಲ್ಲಿ ಈ ಊರು ಜಗತ್ತಿಗೇ ಮೊದಲು. ನಿಂತ ಹಡಗು ತನ್ನ ಎಂಜಿನ್ನು ಉರಿಸಿ ಹೊಗೆಯುಗುಳುವ ಬದಲು ದಡದಿಂದ ಜಲವಿದ್ಯುತ್ತಿನ ತಂತಿ ಎಳೆದುಕೊಳ್ಳುವ ವ್ಯವಸ್ಥೆ ಇಲ್ಲಿ 2001ರಲ್ಲೇ ಆಗಿತ್ತು. ಕರಗುವ ಹಿಮವನ್ನು ನೋಡಲು ಎಣ್ಣೆ ಉರಿಸಿಕೊಂಡು 1,500 ಕಿಲೋಮೀಟರಿಗೂ ಹೆಚ್ಚು ದೂರ ಹೋಗುವುದು ಎಷ್ಟು ಸರಿ ಎಂದು ಮೊಮ್ಮಗಳು ಬಸ್ಸಿನಲ್ಲಿ ಕೇಳಿದಳು. ಅಪ್ಪನ ಬಳಿ ಉತ್ತರವಿರಲಿಲ್ಲ. ತಾತ ಕಿಟಕಿಯಾಚೆ ನೋಡುತ್ತಿದ್ದರು.

ಮಂಜು ತೆರೆದ ಬುಧವಾರ

ಬುಧವಾರ ಬೆಳಿಗ್ಗೆ ಐದೂವರೆಗೆ ಅಟ್ಟದ ಮೇಲೆ ನಿಂತವರಿಗೆ ಹಡಗಿನ ಮೂತಿಯೇ ಕಾಣುತ್ತಿರಲಿಲ್ಲ, ಅಂಥ ಮಂಜು. ಇಡೀ ಪ್ರವಾಸ ಹೊರಟದ್ದು ಈ ಒಂದು ದಿನಕ್ಕಾಗಿ. “ನಂದಿಬೆಟ್ಟಕ್ಕೆ ಹೋದರೂ ಇಷ್ಟೇ ಕಾಣೋದು, ಅಲ್ಲಿಗಾದರೆ ಬಸ್ ಚಾರ್ಜು ಸಾಕಿತ್ತು” ಎಂದರು ತಾತ. ಮಗಳು ಮಾತಾಡಲಿಲ್ಲ. ಎರಡು ವರ್ಷ ಕೂಡಿಟ್ಟ ಹಣ ಅದು, ಅಪ್ಪ ಅಮ್ಮ ಇನ್ನೊಮ್ಮೆ ಇಷ್ಟು ದೂರ ಬರುವರೆಂಬ ಭರವಸೆಯೂ ಇರಲಿಲ್ಲ.

ಗ್ಲೇಸಿಯರ್ ಬೇ, ಅಂದರೆ ಹಿಮನದಿಗಳ ಕೊಲ್ಲಿ, ಅಮೆರಿಕದ ರಾಷ್ಟ್ರೀಯ ಉದ್ಯಾನ. ದಿನಕ್ಕೆ ಎರಡೇ ದೊಡ್ಡ ವಿಹಾರ ನೌಕೆಗಳಿಗೆ ಪ್ರವೇಶ. ಅಲಾಸ್ಕದ ಎಲ್ಲ ಪ್ರವಾಸಗಳಲ್ಲೂ ಇದು ಇರುವುದಿಲ್ಲ. ಟಿಕೆಟ್ ಕೊಳ್ಳುವಾಗ ಈ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಹಡಗು ಎಲ್ಲೂ ದಡಕ್ಕೆ ನಿಲ್ಲುವುದಿಲ್ಲ. ಕೊಲ್ಲಿಯ ಬಾಯಲ್ಲಿ ಸಣ್ಣ ದೋಣಿಯೊಂದು ಪಕ್ಕಕ್ಕೆ ಬಂತು, ಉದ್ಯಾನದ ಅಧಿಕಾರಿಗಳು ಚಲಿಸುವ ಹಡಗಿನ ಹಗ್ಗದ ಏಣಿ ಹತ್ತಿ ಒಳಬಂದರು. ಮುಂದೆ ದಿನವಿಡೀ ಧ್ವನಿವರ್ಧಕದಲ್ಲಿ ವಿವರಣೆ ಅವರದೇ.

ಅವರು ಹೇಳಿದ ಕಥೆ ಹೀಗಿದೆ. ಈ ಕೊಲ್ಲಿ ಒಂದು ಕಾಲದಲ್ಲಿ ಕಣಿವೆ. ಅಲ್ಲಿ ಹೂನಾ ಟ್ಲಿಂಗಿಟ್ ಜನರ ಹಳ್ಳಿಗಳಿದ್ದವು. ಸುಮಾರು 1750ರ ಹೊತ್ತಿಗೆ ಹಿಮನದಿ ಮುಂದೊತ್ತಿ ಬಂದು ಅವರನ್ನು ಮನೆಗಳಿಂದ ಎಬ್ಬಿಸಿತು. ಜನ ದೋಣಿಗಳಲ್ಲಿ ಹೊರಟು ಎದುರು ದಡದಲ್ಲಿ ಊರು ಕಟ್ಟಿಕೊಂಡರು. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರನ ಜನ ಇತ್ತ ಬಂದಾಗ ಕೊಲ್ಲಿಯೇ ಇರಲಿಲ್ಲ, ದಡದಲ್ಲಿ ಏಳೆಂಟು ಕಿಲೋಮೀಟರಿನ ಒಂದು ತಗ್ಗು, ಅದರ ಹಿಂದೆ ಹಿಮದ ಗೋಡೆ. 1879ರಲ್ಲಿ ಪ್ರಕೃತಿಪ್ರೇಮಿ ಜಾನ್ ಮ್ಯೂರ್ ಬಂದಾಗ ಆ ಗೋಡೆ 50 ಕಿಲೋಮೀಟರಿಗೂ ಹೆಚ್ಚು ಹಿಂದೆ ಹೋಗಿತ್ತು. 1916ರ ಹೊತ್ತಿಗೆ ಸುಮಾರು 100 ಕಿಲೋಮೀಟರ್. ಹಡಗು ಅಂದು ಬೆಳಿಗ್ಗೆ ಸಾಗುತ್ತಿದ್ದ ನೀರಿನ ದಾರಿಯೆಲ್ಲ, ಇನ್ನೂರೈವತ್ತು ವರ್ಷದ ಹಿಂದೆ ಗಟ್ಟಿ ಹಿಮ.

ಇದನ್ನು ಕೇಳಿದ ವಿದ್ಯಾರ್ಥಿಗಳು ‘ಇದೆಲ್ಲ ಭೂಮಿ ಬಿಸಿಯಾದದ್ದರ ಫಲ’ ಎಂದು ಒಂದೇ ಗೆರೆಯಲ್ಲಿ ಬರೆದುಬಿಡುವ ಅಪಾಯವಿದೆ. ಈ ಕೊಲ್ಲಿಯ ಹಿಮ ಬಹುಪಾಲು ಸರಿದದ್ದು ಕಾರ್ಖಾನೆ, ಮೋಟಾರುಗಳ ಹೊಗೆ ಜಗತ್ತನ್ನು ತುಂಬುವ ಮೊದಲು. ‘ಪುಟ್ಟ ಹಿಮಯುಗ’ವೆಂದು ಕರೆಯುವ ಚಳಿಯ ಕಾಲ ಮುಗಿಯುತ್ತ ಬಂದದ್ದು ಒಂದು ಕಾರಣ, ಆಳದ ಸಮುದ್ರಕ್ಕೆ ಬಾಯಿಟ್ಟ ಹಿಮನದಿ ಒಮ್ಮೆ ಹಿಂಜರಿಯಲು ತೊಡಗಿದರೆ ಬೇಗ ಬೇಗ ಒಡೆಯುತ್ತದೆಂಬುದು ಇನ್ನೊಂದು. ಆದರೆ ಈಗ ಅಲಾಸ್ಕದ ಹಿಮನದಿಗಳು, ಸಮುದ್ರದಿಂದ ದೂರವಿರುವವು ಕೂಡ, ಒಟ್ಟಿಗೆ ತೆಳುವಾಗುತ್ತಿರುವುದಕ್ಕೆ ಕಾರಣ ಮನುಷ್ಯ ಬಿಸಿ ಮಾಡಿದ ಗಾಳಿ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ವಿಜ್ಞಾನವಲ್ಲ.

ಮಂಜು ಎಂಟು ಗಂಟೆಗೆ ಮೇಲೇಳತೊಡಗಿತು. ಮೊದಲು ಕಂಡದ್ದು ದಡದ ದಟ್ಟ ಕಾಡು, ದೊಡ್ಡ ದೊಡ್ಡ ಸ್ಪ್ರೂಸ್ ಮರಗಳು. ಇನ್ನಷ್ಟು ಒಳಗೆ ಹೋದಂತೆ ಮರಗಳು ಮರೆಯಾಗಿ ಆಲ್ಡರ್ ಪೊದೆಗಳು. ಆಮೇಲೆ ಪೊದೆಯೂ ಇಲ್ಲ, ಬಂಡೆಯ ಮೇಲೆ ಹಾವಸೆಯ ತೇಪೆ. ಕೊನೆಗೆ ಬರಿಯ ಬಂಡೆ. ಹಿಮ ಬಿಟ್ಟುಹೋದ ನೆಲಕ್ಕೆ ಜೀವ ಯಾವ ಕ್ರಮದಲ್ಲಿ ಮರಳುತ್ತದೆಂಬುದನ್ನು ತಿಳಿಯಲು ನೂರು ವರ್ಷ ಕಾಯಬೇಕಾಗಿಲ್ಲ, ಹಡಗಿನಲ್ಲಿ ನಾಲ್ಕು ಗಂಟೆ ಹೋದರೆ ಸಾಕು. ಹೊರಗಿನ ಕಾಡು ಹಳೆಯದು, ಒಳಗಿನ ಬಂಡೆ ಹೊಸದು. ಡಬ್ಲ್ಯು.ಎಸ್. ಕೂಪರ್ ಎಂಬ ಸಸ್ಯವಿಜ್ಞಾನಿ 1916ರಲ್ಲಿ ಇಲ್ಲಿನ ನೆಲದಲ್ಲಿ ಸಣ್ಣ ಸಣ್ಣ ಚೌಕಗಳನ್ನು ಗುರುತಿಸಿ ಯಾವ ಗಿಡ ಯಾವಾಗ ಬಂತೆಂದು ಬರೆದಿಡಲಾರಂಭಿಸಿದ. ನೂರು ವರ್ಷ ದಾಟಿದರೂ ಆ ಲೆಕ್ಕ ಮುಂದುವರಿದಿದೆ. ಅವನೂ ಅವನ ಗೆಳೆಯರೂ ಪಟ್ಟು ಹಿಡಿದದ್ದರಿಂದಲೇ 1925ರಲ್ಲಿ ಇದು ಸಂರಕ್ಷಿತ ಪ್ರದೇಶವಾಯಿತು. ಇನ್ನೊಂದು ಸೋಜಿಗ: ಹಿಮದ ಭಾರ ಇಳಿದ ಈ ನೆಲ ನಿಧಾನವಾಗಿ ಮೇಲೇಳುತ್ತಿದೆ, ಕೆಲವೆಡೆ ವರ್ಷಕ್ಕೆ ಸುಮಾರು 3 ಸೆಂಟಿಮೀಟರ್. ಎದ್ದು ಹೋದವರ ಹಿಂದೆ ಹತ್ತಿಯ ಹಾಸಿಗೆ ಉಬ್ಬಿಕೊಳ್ಳುವಂತೆ.

ಹತ್ತೂವರೆಗೆ ಹಡಗು ಮಾರ್ಜರಿ ಹಿಮನದಿಯ ಮುಂದೆ ನಿಂತಿತು. ಒಂದೂವರೆ ಕಿಲೋಮೀಟರಿಗೂ ಅಗಲ, ನೀರಿನಿಂದ ಮೇಲಕ್ಕೆ ಸುಮಾರು 75 ಮೀಟರ್ ಎತ್ತರದ ನೀಲಿ ಗೋಡೆ. ಹಿಮ ಬಿಳಿಯಲ್ಲವೇ, ಇದೇಕೆ ನೀಲಿ? ಹೊಸ ಹಿಮದಲ್ಲಿ ಗಾಳಿಯ ಗುಳ್ಳೆಗಳು ತುಂಬಿರುವುದರಿಂದ ಬೆಳಕು ಒಳಹೋಗದೆ ಚದುರಿ ಬಿಳಿಯಾಗಿ ಹಿಂದಿರುಗುತ್ತದೆ. ವರ್ಷಗಟ್ಟಲೆ ಒತ್ತಡದಲ್ಲಿ ಗುಳ್ಳೆಗಳು ಹಿಸುಕಿ ಹೋದ ಹಿಮದೊಳಗೆ ಬೆಳಕು ಆಳಕ್ಕೆ ಹೋಗುತ್ತದೆ, ಹೋಗುತ್ತ ಅದರ ಕೆಂಪು ಭಾಗ ಹೀರಿಹೋಗುತ್ತದೆ. ಹೊರಬರುವುದು ನೀಲಿ.

ಎರಡು ಸಾವಿರ ಜನ ಅಟ್ಟದ ಮೇಲಿದ್ದರೂ ಸದ್ದಿರಲಿಲ್ಲ. ಎಂಜಿನ್ನಿನ ಗುಯ್‌ಗುಟ್ಟುವಿಕೆ ಬಿಟ್ಟರೆ, ಕೆಳಗೆ ತೇಲುವ ಹಿಮದ ತುಂಡುಗಳಿಂದ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಶಬ್ದ. ಹಿಂದೆಂದೋ ಸೆರೆಯಾದ ಗಾಳಿ ಬಿಡುಗಡೆಯಾಗುವ ಶಬ್ದ ಅದು. ಇದ್ದಕ್ಕಿದ್ದಂತೆ ಗೋಡೆಯ ಎಡತುದಿಯಲ್ಲಿ ಮನೆಯಷ್ಟು ದೊಡ್ಡ ಚೂರೊಂದು ಕಳಚಿ ನೀರಿಗೆ ಬಿತ್ತು. ಬಿದ್ದದ್ದು ಕಂಡಿತು, ಶಬ್ದವಿಲ್ಲ! “ಒಂದು... ಎರಡು...” ಎಂದು ಮೊಮ್ಮಗಳು ಎಣಿಸುವಷ್ಟರಲ್ಲಿ ಗುಡುಗಿನಂಥ ಸದ್ದು ಬಂದು ಎದೆಗೆ ಬಡಿಯಿತು. “ಎರಡು ಸೆಕೆಂಡು ತಾತ. ಸೆಕೆಂಡಿಗೆ 340 ಮೀಟರ್ ಅಂದ್ರೆ 680 ಮೀಟರ್ ದೂರ ಇದೆ ಅದು. ನೋಡೋಕೆ ಕಲ್ಲು ಹೊಡೆಯೋಷ್ಟು ಹತ್ತಿರ ಕಾಣುತ್ತೆ, ಅಲ್ವಾ?” ತಾತ ತಮ್ಮ ಎಚ್‌ಎಂಟಿಯ ಸೆಕೆಂಡ್ ಮುಳ್ಳು ಹಿಡಿದು ಮುಂದಿನ ಚೂರಿಗಾಗಿ ಕಾದರು. ಒಂದು ಗಂಟೆಯಲ್ಲಿ ಐದು ಸಲ ಬಿತ್ತು. ಐದೂ ನೋಟುಬುಕ್ಕಿಗೆ ಹೋಯಿತು. ಚೂರು ಬಿದ್ದಲ್ಲೆಲ್ಲ ಕಿಟಿವೇಕ್ ಎಂಬ ಬಿಳಿಹಕ್ಕಿಗಳು ಮುತ್ತಿಕೊಳ್ಳುತ್ತಿದ್ದವು. ನೀರು ಕಲಕಿ ಮೇಲೆ ಬರುವ ಆಹಾರಕ್ಕಾಗಿ.

ಅಜ್ಜಿ ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ಜುಲೈಯೆಂದು ನಂಬಿ ತೆಳು ಸ್ವೆಟರು ತರುವುದು ಎಲ್ಲರೂ ಮಾಡುವ ತಪ್ಪು. ಹಿಮದ ಮೇಲಿಂದ ಬೀಸುವ ಗಾಳಿಗೆ ಒಂದರ ಮೇಲೊಂದು ಮೂರು ಪದರ, ಮೇಲೆ ಮಳೆ ತಡೆಯುವ ಅಂಗಿ, ಕಿವಿ ಮುಚ್ಚುವ ಟೋಪಿ ಬೇಕು. ಒಂದು ದುರ್ಬೀನು ಹತ್ತು ಕ್ಯಾಮೆರಾಕ್ಕಿಂತ ಮೇಲು. ಅವರು ನೋಡುತ್ತ ನೋಡುತ್ತ ಕೈ ಮುಗಿದರು, ಏನೂ ಹೇಳಲಿಲ್ಲ. ಮಗಳು ಅತ್ತಿತ್ತ ತಿರುಗಿ ಕಣ್ಣೊರೆಸಿಕೊಂಡಳು.

ಹಡಗು ಇನ್ನೂ ಹತ್ತಿರ ಯಾಕೆ ಹೋಗಬಾರದು ಎಂದು ಕೆಲವರು ಗೊಣಗಿದರು. ಇದೇ ಉದ್ಯಾನದ ಹೊರದಡದಲ್ಲಿರುವ ಲಿಟೂಯ ಕೊಲ್ಲಿಯಲ್ಲಿ 1958ರ ಜುಲೈ 9ರಂದು ಭೂಕಂಪಕ್ಕೆ ಬೆಟ್ಟದ ಪಕ್ಕೆ ಕುಸಿದು ಬಿದ್ದಾಗ ಚಿಮ್ಮಿದ ನೀರು ಎದುರು ಬೆಟ್ಟವನ್ನು 524 ಮೀಟರ್ ಎತ್ತರದವರೆಗೆ ತೊಳೆದುಹಾಕಿತ್ತು. ಅದು ಹಳೆಯ ಮಾತೆನ್ನುವಂತಿಲ್ಲ. ಈ ಕುಟುಂಬ ಹೋಗಿ ಬಂದ ಮರುವರ್ಷ, 2025ರ ಆಗಸ್ಟ್ 10ರ ನಸುಕಿನಲ್ಲಿ, ಜೂನೊದ ದಕ್ಷಿಣಕ್ಕಿರುವ ಟ್ರೇಸಿ ಆರ್ಮ್ ಕೊಲ್ಲಿಯಲ್ಲಿ ಹಿಮನದಿಯ ಪಕ್ಕದ ಬೆಟ್ಟ ಕುಸಿದು, ನೀರು 400 ಮೀಟರಿಗೂ ಮೇಲಕ್ಕೆ ನುಗ್ಗಿತು. ಹಡಗುಗಳು ಹಿಮ ನೋಡಲು ಹೋಗುತ್ತಿದ್ದ ಜಾಗವೇ ಅದು. ಹಗಲಾಗಿ ಪ್ರವಾಸಿ ಹಡಗು ಮುಂದೆ ನಿಂತಿದ್ದರೆ?

ಗುರುವಾರದ ಸಿಟ್ಕ, ರಷ್ಯನ್ನರ ಕಾಲದ ರಾಜಧಾನಿ. 1867ರಲ್ಲಿ ರಷ್ಯ 72 ಲಕ್ಷ ಡಾಲರಿಗೆ ಅಲಾಸ್ಕವನ್ನು ಅಮೆರಿಕಕ್ಕೆ ಮಾರಿದ್ದು, ಬಾವುಟ ಬದಲಾದದ್ದು ಈ ಊರಿನಲ್ಲಿ. ಮಳೆ ಬಿಡದ್ದರಿಂದ ಹೆಚ್ಚು ನೋಡಲಾಗಲಿಲ್ಲ. ಶುಕ್ರವಾರದ ಕೆಚಿಕನ್‌ನಲ್ಲೂ ಮಳೆಯೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಬೀಳುವ ಊರು. ಆಗುಂಬೆಯವರಿಗೆ ಇದು ದೊಡ್ಡ ಲೆಕ್ಕವಲ್ಲ, ಆದರೆ ಅಲ್ಲಿ ಮುಂಗಾರೆಂಬುದಿಲ್ಲ, ವರ್ಷವಿಡೀ ಜಿಟಿಜಿಟಿ. ಊರ ನಡುವಿನ ತೊರೆಯಲ್ಲಿ ಸಾಲ್ಮನ್ ಮೀನುಗಳು ಪ್ರವಾಹಕ್ಕೆ ಎದುರಾಗಿ ಹಾರಿ ಹಾರಿ ಹತ್ತುತ್ತಿದ್ದವು. ಸಮುದ್ರದಲ್ಲಿ ಬೆಳೆದು, ಹುಟ್ಟಿದ ತೊರೆಗೇ ಹಿಂದಿರುಗಿ ಮೊಟ್ಟೆಯಿಟ್ಟು ಸಾಯುವ ಮೀನು. ಟಿಕೆಟ್ಟಿಲ್ಲದ ಈ ನೋಟ, ಹಣ ಕೊಟ್ಟು ಹೋದ ಎಷ್ಟೋ ಬಸ್ಸು ಪ್ರವಾಸಗಳಿಗಿಂತ ಚೆನ್ನಾಗಿತ್ತು.

ಎರಡು ಗಡಿಯಾರ, ಒಂದೇ ತಪ್ಪು

ಅಲಾಸ್ಕದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಹೋಗುವಾಗ ಎಲ್ಲರೂ ಗಡಿಯಾರ ಹಿಂದೆ ತಿರುಗಿಸಿದ್ದರು. ಶುಕ್ರವಾರ ರಾತ್ರಿ ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕೆಂಬ ಚೀಟಿ ಕೋಣೆಗೆ ಬಂದಿತ್ತು. ಅಜ್ಜಿ ಅದನ್ನು ಮಡಿಸಿ ಕನ್ನಡಕದ ಡಬ್ಬಿಗೆ ಹಾಕಿದ್ದರು.

ಶನಿವಾರ ರಾತ್ರಿ ಎಂಟಕ್ಕೆ ವಿಕ್ಟೋರಿಯಾ. ಹನ್ನೊಂದೂವರೆಗೆ ಎಲ್ಲರೂ ಹಡಗಿನೊಳಗಿರಬೇಕು. ಅಜ್ಜಿ, ಮಗಳು, ಅಳಿಯ ಸೂಟ್‌ಕೇಸು ಕಟ್ಟುತ್ತ ಉಳಿದರು. ತಾತ ಮೊಮ್ಮಗಳು ಜನರ ಜೊತೆ ಇಳಿದು, ಸಾವಿರಾರು ಬಲ್ಬುಗಳಿಂದ ಹೊಳೆಯುವ ಅಲ್ಲಿನ ಶಾಸನಸಭೆಯ ಕಟ್ಟಡ ನೋಡಲು ನಡೆದುಕೊಂಡೇ ಹೋದರು. ತಾತನ ಎಚ್‌ಎಂಟಿ ಇನ್ನೂ ಅಲಾಸ್ಕ ಸಮಯದಲ್ಲಿತ್ತು. ಹುಡುಗಿಯ ಫೋನೂ ಅಷ್ಟೇ. ಹಡಗಿನ ಉಪಗ್ರಹ ಜಾಲಕ್ಕೆ ಫೋನು ತಾನಾಗಿ ಸೇರಿಕೊಂಡರೆ ಬಿಲ್ಲು ಬೆಂಕಿಯಾಗುತ್ತದೆಂದು ಅಪ್ಪ ಅದನ್ನು ‘ಏರೋಪ್ಲೇನ್ ಮೋಡ್’ಗೆ ಹಾಕಿಸಿದ್ದ. ಇದು ಸರಿಯಾದ ಸಲಹೆಯೇ. ಆದರೆ ಗೋಪುರಗಳ ಸಂಪರ್ಕವಿಲ್ಲದ ಫೋನಿಗೆ ಗಡಿ ದಾಟಿದ್ದು ಗೊತ್ತಾಗುವುದಿಲ್ಲ.

“ಇವತ್ತು ಎಂಟಕ್ಕೇ ಕತ್ತಲಾಯ್ತಲ್ಲ ಪುಟ್ಟಿ, ಜೂನೊದಲ್ಲಿ ಒಂಬತ್ತಾದ್ರೂ ಬೆಳಕಿತ್ತು” ಎಂದರು ತಾತ.

“ದಕ್ಷಿಣಕ್ಕೆ ಬಂದಿದೀವಲ್ಲ ತಾತ. ಬೇಸಿಗೇಲಿ ಉತ್ತರಕ್ಕೆ ಹೋದಷ್ಟೂ ಹಗಲು ಉದ್ದ, ದಕ್ಷಿಣಕ್ಕೆ ಬಂದಷ್ಟೂ ಗಿಡ್ಡ.”

ವಿಜ್ಞಾನ ಸರಿಯಾಗಿಯೇ ಇತ್ತು. ಅದಕ್ಕೇ ಅನುಮಾನ ಬರಲಿಲ್ಲ. ಎರಡು ಗಡಿಯಾರಗಳೂ ಒಂದೇ ಮಾತು ಹೇಳುತ್ತಿದ್ದವು.

ಐಸ್‌ಕ್ರೀಂ ಅಂಗಡಿಯಲ್ಲಿ ಹುಡುಗಿ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದು ಗಂಟೆ ಐದು ನಿಮಿಷ. ತಾತನ ಕೈಯಲ್ಲಿ ಹತ್ತು ಗಂಟೆ ಐದು ನಿಮಿಷ. ಬಂದರಿಗೆ ನಡೆದರೆ ಅರ್ಧ ಗಂಟೆ, ತಾತನ ಮಂಡಿಗೆ ಮುಕ್ಕಾಲು. ಪಾಸ್‌ಪೋರ್ಟುಗಳು ಹಡಗಿನ ಕೋಣೆಯ ಕಬ್ಬಿಣದ ಪೆಟ್ಟಿಗೆಯಲ್ಲಿ. ಐಸ್‌ಕ್ರೀಂ ಅಲ್ಲೇ ಬಿಟ್ಟು ಬೀದಿಗೆ ಬಂದರು. ಟ್ಯಾಕ್ಸಿ ಸಿಗಲು ಏಳು ನಿಮಿಷ ಹಿಡಿಯಿತು. ಮೂವತ್ತೆಂಟು ವರ್ಷ ಅಂಚೆ ಚೀಲವನ್ನು ಒಂದು ನಿಮಿಷ ತಡಮಾಡದೆ ರೈಲಿಗೆ ಕಳಿಸಿದ ಮನುಷ್ಯ, ಹನ್ನೊಂದು ಇಪ್ಪತ್ತಾರಕ್ಕೆ ಏದುಸಿರು ಬಿಡುತ್ತ ಏಣಿಹಾಸು ಹತ್ತಿದರು. ಮೇಲೆ ನಿಂತಿದ್ದ ಅಳಿಯನ ಮುಖದಲ್ಲಿ ರಕ್ತವಿರಲಿಲ್ಲ. “ಪುಟ್ಟೀದೇನೂ ತಪ್ಪಿಲ್ಲ, ನನ್ನ ವಾಚಿಂದು” ಎಂದಷ್ಟೇ ಹೇಳಿದರು ತಾತ.

ಹಡಗು ಯಾರಿಗೂ ಕಾಯುವುದಿಲ್ಲ. ಮೂಲ್ಕಿಯವನು ಮಾರನೇ ದಿನ ತಿಂಡಿಯ ಹೊತ್ತಿಗೆ ಹೇಳಿದ ಪ್ರಕಾರ, ಬರದವರ ಕೋಣೆ ತೆರೆದು ಪಾಸ್‌ಪೋರ್ಟು ಸಿಕ್ಕರೆ ಬಂದರಿನ ಏಜೆಂಟರ ಕೈಗೆ ಕೊಟ್ಟು ಹೊರಟುಬಿಡುತ್ತಾರೆ. ಮುಂದಿನ ಖರ್ಚೆಲ್ಲ ಪ್ರಯಾಣಿಕರದೇ. ಕಂಪನಿಯೇ ಏರ್ಪಡಿಸಿದ ಬಸ್ಸು ಪ್ರವಾಸ ತಡವಾದರೆ ಮಾತ್ರ ಕಾಯುವುದುಂಟು. ಅವನ ಸಲಹೆ: ದಡಕ್ಕಿಳಿಯುವಾಗ ಪಾಸ್‌ಪೋರ್ಟಿನ ನಕಲು, ಹಡಗಿನ ಏಜೆಂಟರ ನಂಬರು ಜೇಬಿನಲ್ಲಿರಲಿ, ಗಡಿಯಾರವನ್ನು ಹಡಗಿನ ಬಾಗಿಲಲ್ಲಿರುವ ಗಡಿಯಾರದ ಜೊತೆ ತಾಳೆ ನೋಡಿ ಇಳಿಯಿರಿ.

ಶನಿವಾರ ರಾತ್ರಿಯ ಗಡಿಬಿಡಿ ಅಲ್ಲಿಗೆ ಮುಗಿಯಲಿಲ್ಲ. ಕೊನೆಯ ರಾತ್ರಿ ದೊಡ್ಡ ಸೂಟ್‌ಕೇಸುಗಳಿಗೆ ಚೀಟಿ ಕಟ್ಟಿ ಕೋಣೆಯ ಹೊರಗಿಡಬೇಕು. ನಸುಕಿನಲ್ಲಿ ಅವು ನೇರ ಸಿಯಾಟಲ್ ದಡಕ್ಕೆ ಹೋಗುತ್ತವೆ. ಬೆಳಿಗ್ಗೆಗೆ ಬೇಕಾದ ಬಟ್ಟೆ, ಔಷಧಿ, ಕಾಗದಪತ್ರ ಕೈಚೀಲದಲ್ಲಿ ಉಳಿಸಿಕೊಳ್ಳಬೇಕು. ತಾತ ಬಂದವರೇ ಪಂಚೆ ಉಟ್ಟು ಮಲಗಿದರು. ಅಜ್ಜಿ, ಬಿಚ್ಚಿಟ್ಟ ಪ್ಯಾಂಟನ್ನು ನೀಟಾಗಿ ಮಡಿಸಿ ಕೊನೆಯ ಸೂಟ್‌ಕೇಸಿಗೆ ಹಾಕಿ ಬೀಗ ಒತ್ತಿ ಹೊರಗೆ ತಳ್ಳಿದರು.

ಭಾನುವಾರ ಬೆಳಿಗ್ಗೆ ಸಿಯಾಟಲ್‌ನಲ್ಲಿ ಇಳಿದ ಎರಡು ಸಾವಿರ ಜನರಲ್ಲಿ ಸ್ವೆಟರಿನ ಕೆಳಗೆ ಬಿಳಿ ಪಂಚೆ, ಅದರ ಕೆಳಗೆ ಕ್ಯಾನ್ವಾಸ್ ಷೂ ಹಾಕಿದ್ದವರು ಒಬ್ಬರೇ. ಮೂಲ್ಕಿಯವನು ಊಟದ ಮನೆಯ ಬಾಗಿಲಲ್ಲಿ ನಿಂತು ಕೈ ಬೀಸಿದ. ಅಜ್ಜಿ ಕೊಟ್ಟ ಚಟ್ನಿಪುಡಿ ಪೊಟ್ಟಣ ಅವನ ಕೋಟಿನ ಜೇಬಿನಲ್ಲಿತ್ತು. ಅವನ ಹಿಂದೆ ಮೇಜುಗಳಿಗೆ ಆಗಲೇ ಹೊಸ ಬಟ್ಟೆ ಹಾಸುತ್ತಿದ್ದರು. ಹನ್ನೊಂದು ಗಂಟೆಗೆ ಮುಂದಿನ ಎರಡು ಸಾವಿರ ಜನ ಬರುವವರಿದ್ದರು.